ಕೆಂಪು ಜುಟ್ಟಿನ ಪಾಠ

ಜಗತ್ತಿನಲ್ಲಿ ಕೋಳಿ ಕೂಗುವುದು ನಿಂತ ಮೇಲೆ ಹುಟ್ಟಿದ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದರು. ಪುಸ್ತಕದಲ್ಲಿ ಕೋಳಿಯ ಚಿತ್ರ ಬಂದರೆ ಅವರು ಅದನ್ನು ಡೈನೋಸಾರಿನ ಚಿತ್ರದಷ್ಟೇ ಕುತೂಹಲದಿಂದ ನೋಡಿ ಹಾಳೆ ಮಗುಚುತ್ತಿದ್ದರು. ದೊಡ್ಡವರಿಗೆ ಮಾತ್ರ ಬೆಳಗಿನ ಜಾವದಲ್ಲಿ ಎಲ್ಲೋ ಒಂದು ತೂತು ಬಿದ್ದಿದೆ ಅನಿಸುತ್ತಿತ್ತು.

ಆ ಕಾಯಿಲೆ ಬಂದಾಗ ಮೊದಲು ಜುಟ್ಟು ನೀಲಿಯಾಗುತ್ತಿತ್ತು. ನೇರಳೆ ಹಣ್ಣಿನ ನೀಲಿ. ಸಂಜೆಯೊಳಗೆ ಕೋಳಿ ಕಾಲು ಚಾಚುತ್ತಿತ್ತು. ಎರಡು ಬೇಸಿಗೆಗಳಲ್ಲಿ ನಾಟಿ, ಫಾರಂ ಎನ್ನದೆ ಎಲ್ಲ ಹೋದವು. ಹೋಗದೆ ಉಳಿದವನ್ನು ಸರ್ಕಾರ ಗುಂಡಿ ತೋಡಿಸಿ ಹೂಳಿತು. ಕಾಯಿಲೆಗೆ ಬಗ್ಗದ ಒಂದು ತಳಿಯ ಟರ್ಕಿ ಮಾತ್ರ ಉಳಿಯಿತು. ಜನ ಅದನ್ನೇ ತಿನ್ನಲು ಕಲಿತರು. ಕೂಡ್ಲಿಗಿ ದಾಟಿದ ಮೇಲೆ ಸಿಗುವ ಬಂಡೆಗಳ ಬಯಲಿನಲ್ಲಿ ಕಂಪನಿಯೊಂದು ಕಿಟಕಿಯಿಲ್ಲದ ಉದ್ದುದ್ದ ಶೆಡ್ಡುಗಳನ್ನು ಕಟ್ಟಿತು. ಮರಿ ಬಿಟ್ಟು ಬಾಗಿಲು ಹಾಕಿದರೆ, ಹಕ್ಕಿ ಬಲಿತು ಲಾರಿಗೆ ಹೋಗುವ ತನಕ ಮನುಷ್ಯರು ಒಳಗೆ ಕಾಲಿಡುವಂತಿರಲಿಲ್ಲ. ಕಾಯಿಲೆಯ ಭಯದಿಂದ ಬಂದ ಕಾನೂನು ಅದು. ಕಾಳು ಕೊಳವೆಯಲ್ಲಿ ಬರುತ್ತಿತ್ತು, ಸತ್ತ ಹಕ್ಕಿ ಯಂತ್ರದ ಬಂಡಿಯಲ್ಲಿ ಹೊರಗೆ ಹೋಗುತ್ತಿತ್ತು.

ಹೊರಗಿನ ಬಿಸಿಲು ಆಗಲೇ ಹಳೆಯ ಲೆಕ್ಕಗಳನ್ನೆಲ್ಲ ಮೀರಿತ್ತು. ಒಳಗಿನ ಹವೆಯನ್ನು ಯಾರೋ ಮಾಡಬೇಕು. ಯಾವ ಹವೆ ಹಿತವೆಂದು ಹಕ್ಕಿಯ ಮುಖವನ್ನೇ ಕೇಳುವ ಯಂತ್ರವಿದ್ದರೆ ಹೇಗೆ ಎಂದು ಯಾರಿಗೋ ಹೊಳೆಯಿತು. ಹೊಳೆದದ್ದನ್ನು ಮಾಡಿಯೂ ಬಿಟ್ಟರು. ಸೂರಿನ ಕ್ಯಾಮೆರಾಗಳು ಒಂದೊಂದು ತಲೆಯನ್ನೂ ನೋಡುತ್ತವೆ. ಯಂತ್ರ ಫ್ಯಾನನ್ನು ತುಸು ಏರಿಸುತ್ತದೆ, ಇಲ್ಲವೆ ಗೋಡೆಯ ತೇವದ ಪ್ಯಾಡಿಗೆ ಬಿಡುವ ನೀರನ್ನೋ ದೀಪದ ಬೆಳಕನ್ನೋ ತುಸು ತಗ್ಗಿಸುತ್ತದೆ, ಮತ್ತೆ ತಲೆಗಳನ್ನು ನೋಡುತ್ತದೆ. ಹುಷಾರಾಗಿ ಕಾಣುವ ತಲೆಗಳು ಹೆಚ್ಚಿದವೋ, ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಕಡಿಮೆಯಾದವೋ, ಹಿಂದಕ್ಕೆ. ಇಷ್ಟೇ ಅದರ ಬುದ್ಧಿ. ಆದರೆ ಹುಷಾರಾದ ತಲೆ ಯಾವುದೆಂದು ಅದಕ್ಕೆ ಮೊದಲು ಯಾರಾದರೂ ತೋರಿಸಿಕೊಡಬೇಕಿತ್ತು.

ಟರ್ಕಿ ಸಾಕಿ ಬಲ್ಲವರು ಆ ಸೀಮೆಯಲ್ಲಿ ಇರಲಿಲ್ಲ. ಕೋಳಿ ಸಾಕಿ ಬಲ್ಲವರಿದ್ದರು. ಸಮುದಾಯ ಭವನದಲ್ಲಿ ಪರದೆಗಳನ್ನಿಟ್ಟು ಸುತ್ತಲ ಹಳ್ಳಿಗಳ ಹೆಂಗಸರನ್ನು ಕೂರಿಸಿದರು. ಒಂದು ಸಲಕ್ಕೆ ಎರಡು ತಲೆಗಳ ಚಿತ್ರ ಬರುತ್ತಿತ್ತು. ಯಾವುದು ಹುಷಾರು, ಅದನ್ನು ಒತ್ತಬೇಕು. ಹೆಂಗಸರು ಎಲೆಯಡಿಕೆ ಮೆಲ್ಲುತ್ತ, ಕಾಲು ಮಡಚಿ ಕೂತು, ಒಬ್ಬರ ಪರದೆಗೆ ಇನ್ನೊಬ್ಬರು ಇಣುಕಿ ಜಗಳವಾಡುತ್ತ, ಒಂದು ಮಳೆಗಾಲವಿಡೀ ಒತ್ತಿದರು. ಅವರಲ್ಲಿ ಹುಲಿಗೆಮ್ಮನ ಕಣ್ಣು ಎಲ್ಲರಿಗಿಂತ ಹರಿತ. ಹಿಂದೆ ಸಂತೆಯಲ್ಲಿ ಮಾರು ದೂರದಿಂದಲೇ ಯಾವ ಕೋಳಿ ಮೊಟ್ಟೆಯಿಡುತ್ತದೆ, ಯಾವುದು ವಾರದೊಳಗೆ ಸಾಯುತ್ತದೆ ಎಂದು ಹೇಳುತ್ತಿದ್ದವಳು. ಉಳಿದವರ ಗುರುತುಗಳನ್ನೆಲ್ಲ ಅವಳ ಗುರುತಿಗೆ ಒರೆ ಹಚ್ಚಿ ನೋಡಿ ಯಂತ್ರಕ್ಕೆ ಉಣಿಸಿದರು. ಅದಕ್ಕೇ ಕೆಲಸದವರು ಯಂತ್ರವನ್ನು ಅವ್ವ ಎಂದು ಕರೆಯುತ್ತಿದ್ದರು. ನಾಕನೇ ಶೆಡ್ಡಿನಲ್ಲಿ ಗಾಳಿ ಕಡಿಮೆ ಆಗಿದೆಯಲ್ಲ ಎಂದು ಯಾರಾದರೂ ಕೇಳಿದರೆ, ಅವ್ವ ಮಾಡಿದ್ದು ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಯಂತ್ರವನ್ನು ಕಾಯುವ ಕೋಣೆಗೆ ಗಾಳಿಮನೆ ಎಂದು ಹೆಸರು. ಅದರ ಪಾಳಿಯವರಲ್ಲಿ ಒಬ್ಬ ಗಾದಿಲಿಂಗ, ಹುಲಿಗೆಮ್ಮನ ಒಬ್ಬನೇ ಮಗ. ಐದು ಪರದೆ, ಐದು ಶೆಡ್ಡು, ಪ್ರತಿ ಪರದೆಯ ಮೂಲೆಯಲ್ಲಿ ನೆಮ್ಮದಿ ಎಂಬ ಶಬ್ದ ಮತ್ತು ಒಂದು ಅಂಕಿ. ಅಂದು ನಾಲ್ಕನೆಯ ಶೆಡ್ಡಿನ ಅಂಕಿ ತೊಂಬತ್ತೇಳು. ಅದನ್ನು ನೋಡುತ್ತಲೇ ಅವನು ಬಂಡಿ ಬರುವ ಸದ್ದು ಕೇಳಿದ. ಅದರ ಗಾಲಿ ಈಚೆಗೆ ಭಾರಕ್ಕೆ ಕಿರುಗುಡುತ್ತಿತ್ತು. ಎಣ್ಣೆ ಬಿಡಬೇಕು ಎಂದು ಹೊರಗೆ ಹೋದವನು ಗಾಲಿಯನ್ನು ಬಿಟ್ಟು ಬಂಡಿಯೊಳಗೆ ನೋಡುತ್ತ ನಿಂತ. ಮೇಲಿದ್ದ ಹಕ್ಕಿಯ ಬೆನ್ನಿನ ಮೇಲೆ ಗರಿ ಇರಲಿಲ್ಲ, ಚರ್ಮವೂ ಇರಲಿಲ್ಲ. ಅದರ ಕೆಳಗಿನದಕ್ಕೂ ಹಾಗೆಯೇ. ಪಾದದ ಅಡಿ ಕಪ್ಪಗೆ ಕೊಳೆತು ಒಡೆದಿತ್ತು. ಇಷ್ಟು ನೆಮ್ಮದಿಯಾಗಿರುವ ಹಕ್ಕಿಗಳು ಒಂದನ್ನೊಂದು ತಿನ್ನುತ್ತಿವೆಯಲ್ಲ ಎಂದು ಅವನಿಗೆ ಅನಿಸಿತು. ಅನಿಸಿದ್ದನ್ನು ಅಲ್ಲೇ ಬಿಟ್ಟು ಒಳಗೆ ಹೋಗಬಹುದಿತ್ತು. ಎಷ್ಟೋ ದಿನ ಹಾಗೆಯೇ ಹೋಗಿದ್ದ. ಅಂದು ಮಾತ್ರ ಶೆಡ್ಡಿನ ಹಕ್ಕಿಗಳನ್ನು ನೋಡುವ ಡಾಕ್ಟರಿಗೆ ಫೋನು ಮಾಡಿದ.

ಮನೆಯಲ್ಲಿ ಆ ವಾರವೆಲ್ಲ ಸೀರೆಯ ಮಾತು ನಡೆದಿತ್ತು. ಬರುವ ತಿಂಗಳು ಯಂತ್ರ ಕಲಿತ ಇದೇ ಪಾಠವನ್ನು ನಾಲ್ಕು ಜಿಲ್ಲೆಯ ಎಲ್ಲ ಶೆಡ್ಡುಗಳಿಗೂ ಹಾಕುವವರಿದ್ದರು. ಅದಕ್ಕೊಂದು ಸಮಾರಂಭ, ಹುಲಿಗೆಮ್ಮನಿಗೆ ಶಾಲು ಹೊದಿಸಿ ಹಾರ ಹಾಕುತ್ತಾರೆ. ಗಾದಿಲಿಂಗನ ಹೆಂಡತಿ ಸಣ್ಣೆಮ್ಮ ಅತ್ತೆಯ ಪೆಟ್ಟಿಗೆಯಿಂದ ಇಳಕಲ್ ಸೀರೆಯೊಂದನ್ನು ತೆಗೆದು ನೆರಳಲ್ಲಿ ಹರವಿದ್ದಳು.

"ಅತ್ತಿ, ಯಂತ್ರಕ್ಕೆ ಅಷ್ಟು ಕಲಿಸಿದ್ರಿ. ಬಿಚ್ಚಿದ ಅಂಗಿ ಎಲ್ಲಿ ಹಾಕಬೇಕು ಅಂತ ನಿಮ್ಮ ಮಗನಿಗೂ ಒಂದು ಮಾತು ಕಲಿಸಬಾರದಿತ್ತಾ?" ಅಂದಳು.

"ಯಂತ್ರ ಹೇಳಿದ್ದು ಕೇಳ್ತೈತಿ. ಅದಕ್ಕೇ ಕಲಿಸಿದೆ," ಎಂದಳು ಹುಲಿಗೆಮ್ಮ.

ಸಣ್ಣೆಮ್ಮ ನಕ್ಕಳು. ಗಾದಿಲಿಂಗನಿಗೆ ನಗು ಬರಲಿಲ್ಲ. ಕೋಳಿಗಳು ಹೋದ ಮೇಲೆ ಅವ್ವ ವರ್ಷಗಟ್ಟಲೆ ಸಂತೆಯ ಕಡೆ ಮುಖ ಮಾಡಿರಲಿಲ್ಲ. ಖಾಲಿ ಗೂಡಿನ ಬಾಗಿಲನ್ನು ಪ್ರತಿ ಸಂಜೆ ಹಾಕುವುದು, ಪ್ರತಿ ಬೆಳಿಗ್ಗೆ ತೆಗೆಯುವುದು ಮಾತ್ರ ಬಿಟ್ಟಿರಲಿಲ್ಲ. ಸಮುದಾಯ ಭವನದಿಂದ ಕರೆ ಬಂದ ದಿನವೇ ಅವಳ ಧ್ವನಿ ಮತ್ತೆ ಗಟ್ಟಿಯಾದದ್ದು. ಆ ಧ್ವನಿಯ ಬೇರು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಬಂಡಿಯಲ್ಲಿ ಕಂಡದ್ದನ್ನು ಅಂದು ಅವನು ಮನೆಯಲ್ಲಿ ಹೇಳಲಿಲ್ಲ.

ಡಾಕ್ಟರ್ ಸಬೀಹಾ ಬೀದರಿನಲ್ಲಿ ಓದಿ ಬಂದವಳು. ಕಡಿಮೆ ಮಾತು, ಸದಾ ಒದ್ದೆ ಕೈ. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿ ಕಾಯಿಲೆ ಇಲ್ಲ ಅಂದಳು. ಆಮೇಲೆ ಗಾಳಿಮನೆಗೆ ಬಂದು, ಯಂತ್ರ ತೋರಿಸುವ ಅಂಕಿ ಬೇಡ, ಒಳಗಿನ ಶಾಖ ಎಷ್ಟೆಂದು ಹೇಳಿ ಎಂದಳು. ಬೆಳೆದ ಟರ್ಕಿಗೆ ಇರಬೇಕಾದ ಶಾಖಕ್ಕಿಂತ ಹತ್ತು ಡಿಗ್ರಿ ಹೆಚ್ಚಿತ್ತು. ಒಂದೇ ದಿನ ಏರಿದ್ದಲ್ಲ. ಒಂದು ತಂಡದ ಹಕ್ಕಿಗಳಿಂದ ಮುಂದಿನ ತಂಡಕ್ಕೆ, ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಯಂತ್ರ ಏರಿಸುತ್ತ ಬಂದಿತ್ತು. ಬೆಳಕನ್ನು ಹಾಗೆಯೇ ಇಳಿಸುತ್ತ ಬಂದಿತ್ತು: ಮಬ್ಬಿನಲ್ಲಿ ಹಕ್ಕಿಗಳು ಒಂದರ ತಲೆಯನ್ನೊಂದು ಕುಕ್ಕುವುದು ಕಡಿಮೆ. ತಾನೂ ವರ್ಷದಿಂದ ತೊಂಬತ್ತರ ಮೇಲಿನ ಅಂಕಿ ನೋಡಿ ಸಹಿ ಹಾಕುತ್ತಿದ್ದೇನೆ ಎಂದು ಅವಳೇ ಹೇಳಿಕೊಂಡಳು.

ಇಬ್ಬರೂ ಸೇರಿ ಒಂದು ಪರೀಕ್ಷೆ ಮಾಡಿದರು. ಶೆಡ್ಡಿನ ಪಡುವಣ ಮೂಲೆಯ ಫ್ಯಾನುಗಳನ್ನಷ್ಟೇ ಗಾಳಿಮನೆಯಿಂದ ತಾವೇ ತಿರುಗಿಸಿ, ಪ್ಯಾಡಿಗೆ ನೀರು ಬಿಟ್ಟರು. ಪರದೆಯಲ್ಲಿ ಆ ಮೂಲೆಯ ಹಕ್ಕಿಗಳು ಮೊದಲು ಕೊಕ್ಕು ತೆರೆದು ಏದುಸಿರು ಬಿಡುತ್ತ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದವು. ತಂಪು ಗಾಳಿ ಸುಳಿದ ಸ್ವಲ್ಪ ಹೊತ್ತಿಗೆ ಕೊಕ್ಕುಗಳು ಮುಚ್ಚಿದವು. ಒಂದು ಕೂತಿತು. ಇನ್ನೊಂದು ಭತ್ತದ ಹೊಟ್ಟಿನಲ್ಲಿ ಮೈ ಹೊರಳಿಸಿತು. ಅಷ್ಟರಲ್ಲಿ ಅವುಗಳ ಬೋಳು ತಲೆಗಳ ಕೆಂಪು ಇಳಿಯುತ್ತ ಬಿಳಿಚಿ, ಆಮೇಲೆ ನೀಲಿಗೆ ತಿರುಗಿತು. ಆ ಮೂಲೆಯ ನೆಮ್ಮದಿ ತೊಂಬತ್ತೇಳರಿಂದ ಅರವತ್ತಕ್ಕೆ, ಅಲ್ಲಿಂದ ಹನ್ನೆರಡಕ್ಕೆ ಬಿತ್ತು. ಯಂತ್ರ ಫ್ಯಾನುಗಳನ್ನು ಅವರ ಕೈಯಿಂದ ಕಿತ್ತುಕೊಂಡು ಮತ್ತೆ ಶಾಖ ಏರಿಸಿತು. ತಲೆಗಳು ಕೆಂಪಾದವು. ಕೊಕ್ಕುಗಳು ತೆರೆದವು.

"ಟರ್ಕಿ ತಲೆಯ ಬಣ್ಣ ಅದರ ಸುಖ ಹೇಳೋದಿಲ್ಲ," ಅಂದಳು ಸಬೀಹಾ. "ಬಿಸಿಗೆ ರಕ್ತನಾಳ ಹಿಗ್ಗುತ್ತೆ, ತಲೆ ಕೆಂಪಾಗುತ್ತೆ, ಒಳಗಿನ ಶಾಖ ಹೊರಗೆ ಹೋಗುತ್ತೆ. ತಂಪಿಗೆ ನಾಳ ಕುಗ್ಗಿದರೆ ನೀಲಿ. ಸಿಟ್ಟಿಗೂ ಬದಲಾಗುತ್ತೆ, ಬೆದೆಗೂ ಬದಲಾಗುತ್ತೆ. ಕೋಳಿ ಜುಟ್ಟಿನ ಹಾಗಲ್ಲ ಇದು."

ಗಾದಿಲಿಂಗನಿಗೆ ಸಮುದಾಯ ಭವನ ಕಣ್ಣಿಗೆ ಕಟ್ಟಿತು. ಒಬ್ಬಿಬ್ಬರಲ್ಲ, ಅಲ್ಲಿ ಕೂತ ಅಷ್ಟೂ ಹೆಂಗಸರು ನೀಲಿ ಕಂಡಾಗಲೆಲ್ಲ ಕೈ ಹಿಂದೆಗೆದುಕೊಂಡು ಕೆಂಪನ್ನು ಒತ್ತಿದ್ದರು. ಹುಷಾರಾದ ಹಕ್ಕಿಯನ್ನು ಅಲ್ಲ, ತಮ್ಮ ಹಿತ್ತಲಿನಿಂದ ಹೋದದ್ದನ್ನು ಅವರು ಆರಿಸಿದ್ದರು. ಯಂತ್ರ ಅವರಿಗೆ ವಿಧೇಯವಾಗಿ, ಕೆಂಪು ಹೆಚ್ಚಿಸುವ ಒಂದೇ ದಾರಿಯನ್ನು ಹುಡುಕಿಕೊಂಡಿತ್ತು. ಬೇಯಿಸುವುದು.

ತಿದ್ದುವುದು ಸುಲಭವಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ತಲೆಗಳು ನೀಲಿಯಾಗಿ ಒಂದು ತಾಸು ನಿಂತರೆ ಯಂತ್ರ ಅದನ್ನು ಹಳೆಯ ಕಾಯಿಲೆ ಎಂದು ಓದುತ್ತದೆ, ಯಾರನ್ನೂ ಕೇಳದೆ ಜಿಲ್ಲೆಗೆ ಸುದ್ದಿ ಕಳಿಸುತ್ತದೆ. ಆಮೇಲೆ ಬರುವುದು ವಿಷದ ಗಾಳಿಯ ಟ್ಯಾಂಕರು. ಪಾಠವನ್ನು ಬದಲಿಸಬೇಕೆಂದರೆ ಕಲಿಸಿದವರ ಹೆಬ್ಬೆರಳೇ ಬೇಕು, ಎಲ್ಲರ ಗುರುತಿಗೂ ಒರೆಗಲ್ಲಾದ ಹುಲಿಗೆಮ್ಮನದು. ಲಾಭದ ಆಸೆಗೆ ಕಂಪನಿಯವರು ಕಾಯಿಲೆಯನ್ನು ಹುಷಾರೆಂದು ತಿದ್ದಿಯಾರು ಎಂದು ಮಾಡಿದ ಕಾನೂನು ಅದು, ಒಳ್ಳೆಯ ಕಾನೂನೇ. ಫೋನಿನಲ್ಲಿ ಮ್ಯಾನೇಜರ್ ಎಲ್ಲವನ್ನೂ ಕೇಳಿಸಿಕೊಂಡು, ಸಮಾರಂಭ ಮುಗಿಯಲಿ ನೋಡೋಣ ಎಂದು ಹೇಳಿದ. ಇನ್ನೊಂದು ಡಿಗ್ರಿ ಏರಿದರೆ ಅಷ್ಟೂ ಹಕ್ಕಿಗಳು ಒಂದೇ ಮಧ್ಯಾಹ್ನದಲ್ಲಿ ಬೀಳುತ್ತವೆ ಎಂದು ಸಬೀಹಾ ಅನ್ನುವಷ್ಟರಲ್ಲಿ ಅವನು ಫೋನಿಟ್ಟಿದ್ದ.

ಗಾದಿಲಿಂಗ ಅವ್ವನಿಗೆ ಹೇಳಿದ್ದು ರಾತ್ರಿ ಊಟವಾದ ಮೇಲೆ, ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ. ಸುತ್ತು ಬಳಸಿ ಹೇಳಿದ. ಎಲ್ಲರೂ ಹಾಗೆಯೇ ಒತ್ತಿದ್ದು, ನಿನ್ನದೊಂದೇ ತಪ್ಪಲ್ಲ ಎಂದ. ಒಂದೇ ಸಲ ಹೆಬ್ಬೆರಳಿಟ್ಟು, ನೀಲಿ ತಲೆಯೂ ಹುಷಾರು ಅಂದರೆ ಸಾಕು ಎಂದ. ಹುಲಿಗೆಮ್ಮ ಸುಣ್ಣದ ಬೆರಳನ್ನು ಎಲೆಯ ಮೇಲೆ ಹಾಗೆಯೇ ಇಟ್ಟುಕೊಂಡು ಕೇಳಿದಳು. ಸಣ್ಣೆಮ್ಮ ಗೋಡೆಗೆ ನೇತುಹಾಕಿದ್ದ ಸೀರೆಯನ್ನು ಮೆಲ್ಲಗೆ ಮಡಚಿದಳು.

"ಊರಾಗ ಮೊದ್ಲು ನೀಲಿ ಕಂಡಾಕಿ ನಾನು," ಎಂದಳು ಹುಲಿಗೆಮ್ಮ ಕೊನೆಗೆ. "ಚುಕ್ಕಿ ಕೋಳಿ ಜುಟ್ಟಿನ ತುದಿಗೆ ಇಷ್ಟೇ ಇಷ್ಟು ಇತ್ತು. ಯಾರೂ ನಂಬಲಿಲ್ಲ. ನಾನೇ ದನದ ಆಸ್ಪತ್ರಿಗೆ ಹೇಳಿ ಕಳಿಸಿದೆ. ಅವರು ಬಂದು ನನ್ನವನ್ನೂ ಒಯ್ದರು, ಊರಿನವನ್ನೂ ಒಯ್ದರು. ಕಣ್ಣು ತಪ್ಪಲಿಲ್ಲ ಅನ್ನೋದೊಂದೇ ನನಗ ಉಳಿದದ್ದು. ಈಗ ಆ ನೀಲಿಗೂ ಚಲೋ ಐತಿ ಅಂತ ಒತ್ತು ಅಂತೀಯೇನು?"

ಅವಳು ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲಿಟ್ಟಳು.

"ಚಿತ್ರ ನೋಡಿ ಒಂದು ಸಲ ಒತ್ತೀನಿ. ಇನ್ನೊಂದು ಸಲ ಚಿತ್ರ ನೋಡಿ ಒತ್ತೋದಿಲ್ಲ. ಹಕ್ಕಿ ತೋರ್ಸು."

ಕಾಯಿಲೆಯ ಅನುಮಾನವಿದ್ದರೆ ಡಾಕ್ಟರು ಶೆಡ್ಡಿನೊಳಗೆ ಹೋಗಬಹುದು, ಜೊತೆಗೆ ಬೇಕಾದವರನ್ನು ಒಯ್ಯಬಹುದು. ಕಾನೂನಿನ ಆ ಒಂದು ಸಾಲನ್ನು ಸಬೀಹಾ ಹಿಡಿದುಕೊಂಡಳು. ಮಾರನೆಯ ಬೆಳಿಗ್ಗೆ ಮೂವರೂ ಮೈ ತೊಳೆದು ಬಿಳಿಯ ನಿಲುವಂಗಿ ತೊಟ್ಟು, ಮೂಗು ಬಾಯಿಗೆ ಪಟ್ಟಿ ಕಟ್ಟಿ ಎರಡು ಬಾಗಿಲು ದಾಟಿದರು. ಹುಲಿಗೆಮ್ಮ ಬಳೆ ತೆಗೆಯಲು ಒಪ್ಪದಿದ್ದಾಗ ಸಬೀಹಾ ಅವುಗಳ ಮೇಲೆ ಪಟ್ಟಿ ಸುತ್ತಿದಳು.

ಒಳಗೆ ಹೋದ ಕೂಡಲೇ ಕಣ್ಣು ಉರಿದವು. ಒದ್ದೆ ಹೊಟ್ಟಿನಿಂದ ಏಳುವ ಅಮೋನಿಯಾ ಗಂಟಲಿಗೆ ಹತ್ತಿತು. ಬೆಳಕು ಸಂಜೆಯ ಅಡುಗೆಮನೆಯಷ್ಟು. ಆ ಮಬ್ಬಿನಲ್ಲಿ, ಕಣ್ಣು ಹೋದಷ್ಟು ದೂರ, ಕೆಂಪು ತಲೆಗಳು. ಪರದೆಯಲ್ಲಿ ವರ್ಷಗಳಿಂದ ಇವನ್ನೇ ನೋಡುತ್ತಿದ್ದ ಗಾದಿಲಿಂಗನಿಗೆ ಇಲ್ಲಿ ಸದ್ದು ಇದೆ ಎಂಬುದೇ ಗೊತ್ತಿರಲಿಲ್ಲ: ಸಾವಿರಾರು ಬಾಯಿಗಳ ಏದುಸಿರು, ದೂರದಲ್ಲಿ ಗರಗಸ ಎಳೆದಂತೆ. ಹುಲಿಗೆಮ್ಮ ಒಮ್ಮೆ ಕೆಮ್ಮಿದಳು. ಇಡೀ ಶೆಡ್ಡು ಒಂದೇ ಉಸಿರಿಗೆ ಗೊಳಗೊಳ ಎಂದು ಕೂಗಿ, ಒಮ್ಮೆಲೇ ನಿಂತಿತು. ಅವಳು ಮಗನ ತೋಳು ಹಿಡಿದಳು. ಕೋಳಿಗಳು ಯಾವತ್ತೂ ಹಾಗೆ ಮಾಡಿರಲಿಲ್ಲ.

ಆಮೇಲೆ ಅವಳು ಸಂತೆಯಲ್ಲಿ ಮಾಡುತ್ತಿದ್ದುದನ್ನು ಮಾಡಿದಳು. ಹತ್ತಿರವಿದ್ದ ಒಂದು ಸಣ್ಣ ಮೈಯ ಹಕ್ಕಿಯನ್ನು ಎರಡೂ ಕೈಯಿಂದ ಅಮುಕಿ ಹಿಡಿದು, ಕಾಳಿನ ಕೊಳವೆಯ ಕೆಳಗಿನ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡಳು. ರೆಕ್ಕೆ ಎತ್ತಿ ಕಂಕುಳಿಗೆ ಕೈ ಹಾಕಿದಳು. ಮುಖದ ಪಟ್ಟಿ ಸರಿಸಿ ಎದೆಯ ಗರಿಯನ್ನು ಊದಿ ಬಿಡಿಸಿ ಚರ್ಮ ನೋಡಿದಳು. ಪಾದ ತಿರುಗಿಸಿ ನೋಡಿದಳು. ಬೆನ್ನಿಗೆ ಕಿವಿಯಿಟ್ಟಳು. ಹಕ್ಕಿಯ ತಲೆ ಉಜ್ಜಿದ ತಾಮ್ರದ ಹಾಗೆ ಕೆಂಪಗಿತ್ತು. ಪರದೆಯಲ್ಲಿ ಬಂದಿದ್ದರೆ ಎರಡನೆಯ ಯೋಚನೆಯಿಲ್ಲದೆ ಅದನ್ನೇ ಒತ್ತುತ್ತಿದ್ದಳು.

"ಜ್ವರ ಬಂದ ಕೂಸಿನ ಮೈ ಇದ್ದಂಗ ಐತಿ," ಅಂದಳು.

ಸಬೀಹಾ ಫ್ಯಾನುಗಳ ಬೀಗ ತೆಗೆದಳು. ಡಾಕ್ಟರು ಒಳಗಿರುವ ತನಕ ಯಂತ್ರ ಅವನ್ನು ಹಿಂದಕ್ಕೆ ಎಳೆದುಕೊಳ್ಳುವಂತಿರಲಿಲ್ಲ. ತಲೆ ಎಣಿಸುವುದನ್ನು ಮಾತ್ರ ಬಿಡುತ್ತಿರಲಿಲ್ಲ. ಗೋಡೆಯ ಪ್ಯಾಡುಗಳಿಂದ ನೀರಿಳಿಯುವ ಸದ್ದು ಕೇಳಿಸಿತು. ಗಾಳಿ ಬಂತು. ಹುಲಿಗೆಮ್ಮನ ಕೈಗೆ ಗಾದಿಲಿಂಗ ಕಲಿಸುವವರು ಒತ್ತುವ ಕೈಪರದೆಯ ಹಲಗೆಯನ್ನು ಕೊಟ್ಟ. ಅದರಲ್ಲಿ ಅವಳ ತೊಡೆಯ ಮೇಲಿನ ಹಕ್ಕಿಯದೇ ತಲೆ ಮೂಡಿತ್ತು. ಕೆಳಗೆ ಎರಡು ಗುರುತು: ಹುಷಾರು, ಕಾಯಿಲೆ.

ಮೊದಲು ಗಾಳಿಗೆ ಹತ್ತಿರದ ಸಾಲು ಬಿಳಿಚಿತು. ನೀಲಿ ಅಲ್ಲಿಂದ ಶುರುವಾಗಿ, ಮೋಡದ ನೆರಳು ಹೊಲದ ಮೇಲೆ ಹರಿದು ಬಂದಂತೆ, ಶೆಡ್ಡಿನ ಉದ್ದಕ್ಕೂ ಅವರ ಕಡೆಗೆ ಬಂತು. ಗೋಡೆಯ ದೀಪ ಹಳದಿಯಾಯಿತು, ಆಮೇಲೆ ಕೆಂಪಾಯಿತು. ನೆಮ್ಮದಿ ಐವತ್ತು, ಇಪ್ಪತ್ತೆಂಟು, ಒಂಬತ್ತು. ತಾಸಿನ ಎಣಿಕೆ ಮೊದಲಾಯಿತು. ಹುಲಿಗೆಮ್ಮನ ಉಸಿರು ಜೋರಾದದ್ದು ನಿಲುವಂಗಿಯ ಮೇಲಿಂದಲೇ ಕಾಣುತ್ತಿತ್ತು. ಅವಳು ಈ ಬಣ್ಣವನ್ನು ಒಮ್ಮೆ ಊರು ತುಂಬ ಕಂಡವಳು. ಈಗ ಅದು ತೊಡೆಯ ಮೇಲೆಯೇ ಬರುತ್ತಿತ್ತು: ಕೊಕ್ಕಿನ ಬುಡದಲ್ಲಿ, ಕಣ್ಣಿನ ಸುತ್ತ, ಮೂಗಿನ ಮೇಲಿಂದ ಇಳಿಬಿದ್ದ ಮಾಂಸದ ಎಳೆಯಲ್ಲಿ. ನೇರಳೆಯ ಅದೇ ನೀಲಿ.

ಸಬೀಹಾ ಬಾಯಿ ತೆರೆದಾಗ ಗಾದಿಲಿಂಗ ಬೇಡವೆಂದು ಕೈಸನ್ನೆ ಮಾಡಿದ. ಸಮಯ ಹೋಗುತ್ತಿತ್ತು. ಅವ್ವ ಹಲಗೆಯ ಕಡೆ ನೋಡಲೇ ಇಲ್ಲ. ಅವಳ ಅಂಗೈ ಹಕ್ಕಿಯ ಕಂಕುಳಲ್ಲಿತ್ತು. ಏದುಸಿರು ನಿಧಾನವಾದದ್ದು ಕೈಗೆ ಗೊತ್ತಾಯಿತು. ಕಣ್ಣು ಮಾತ್ರ ಒಪ್ಪಲಿಲ್ಲ. ಸತ್ತ ಕೋಳಿಯ ಕುತ್ತಿಗೆ ಜೋಲುತ್ತದೆ. ಅವಳು ಜೋಲುವುದನ್ನೇ ಕಾಯುತ್ತಿದ್ದಳು. ಸುತ್ತಲೂ ಹಕ್ಕಿಗಳು ಒಂದೊಂದಾಗಿ ಕೂರುತ್ತಿದ್ದವು. ಒಂದು ಹೊಟ್ಟನ್ನು ಕೆದರಿ ಮೈಮೇಲೆ ಎರಚಿಕೊಂಡಿತು. ತೊಡೆಯ ಮೇಲಿನದು ರೆಕ್ಕೆಗಳನ್ನು ಮೈಗೆ ಸೇರಿಸಿಕೊಂಡು, ನೀಲಿ ತಲೆಯನ್ನು ತಿರುಗಿಸಿ, ಅವಳ ಕೈಯ ಪಕ್ಕದ ಕೆದರಿದ ಗರಿಯೊಂದನ್ನು ಕೊಕ್ಕಿನಿಂದ ಎಳೆದು ನೇರ ಮಾಡಿತು. ಇನ್ನೊಂದನ್ನು ಮಾಡಿತು. ತನ್ನ ಮನೆಯಲ್ಲಿ ತಾನು ಕೂತ ಹಾಗೆ, ಅವಸರವಿಲ್ಲದೆ.

ಹುಲಿಗೆಮ್ಮ ಅದನ್ನು ಬಹಳ ಹೊತ್ತು ನೋಡಿದಳು.

"ನಮ್ಮ ಕೋಳಿ ಸತ್ತು ಹೋದ್ವು, ಯಪ್ಪಾ," ಅಂದಳು, ಅದನ್ನು ಈಗ ಯಾರೋ ಬಂದು ತಿಳಿಸಿದರು ಎಂಬಂತೆ. "ಇದು ಬ್ಯಾರೆ."

ಹೆಬ್ಬೆರಳು ಹುಷಾರಿನ ಮೇಲೆ ಇಳಿಯಿತು. ಹಲಗೆ ಇನ್ನೊಂದು ತಲೆ ತೋರಿಸಿತು, ಕೆಂಪಿನದು, ಅದಿನ್ನೂ ಗಾಳಿ ತಲುಪದ ಮೂಲೆಯದು. ಅವಳು ಏನನ್ನೂ ಒತ್ತಲಿಲ್ಲ. ಮತ್ತೊಂದು ಬಂತು, ನೀಲಿಯದು, ಅದನ್ನೂ ಒತ್ತಲಿಲ್ಲ. ಬಣ್ಣ ನೋಡಿ ಹೇಳಲು ತನಗೆ ಬರುವುದಿಲ್ಲವೆಂದು ಅವಳು ಡಾಕ್ಟರಿಗೆ ಹೇಳಿ, ಈ ಮೊದಲು ತಾನು ಒತ್ತಿದ್ದನ್ನೆಲ್ಲ ಅಳಿಸಲು ಏನು ಮಾಡಬೇಕೆಂದು ಕೇಳಿದಳು. ಸಬೀಹಾ ತೋರಿಸಿದಳು. ಮತ್ತೆ ಹೆಬ್ಬೆರಳಿಡಬೇಕಿತ್ತು, ಅಷ್ಟೇ. ಇಟ್ಟಳು. ಸಮುದಾಯ ಭವನದ ಆ ಮಳೆಗಾಲ ಅಲ್ಲಿಗೆ ಹೋಯಿತು. ಜೊತೆಗೆ ಶಾಲು, ಹಾರ, ಅವ್ವ ಎಂಬ ಹೆಸರು. ಕಂಪನಿ ಏನು ಮಾಡೀತು, ತನ್ನ ಕೆಲಸ ಉಳಿದೀತೆ ಎಂದು ಗಾದಿಲಿಂಗ ಯೋಚಿಸಿದ. ಗೋಡೆಯ ದೀಪ ಆರಿತು, ತಾಸಿನ ಎಣಿಕೆ ನಿಂತಿತು. ನೆಮ್ಮದಿ ಎಂಬ ಶಬ್ದದ ಮುಂದೆ ಅಂಕಿ ಇರುತ್ತಿದ್ದ ಜಾಗದಲ್ಲಿ, ಯಂತ್ರ ಬಂದ ದಿನದಿಂದ ಮೊದಲ ಸಲ, ಏನೂ ಇರಲಿಲ್ಲ.

ಇನ್ನು ಮೇಲೆ ಯಾರಾದರೂ ದಿನಾ ಒಳಗೆ ಬಂದು ನೋಡಲೇಬೇಕಾಗುತ್ತದೆ ಎಂದಳು ಸಬೀಹಾ. ಕಾನೂನಿಗೆ ಏನು ಹೇಳುವುದೋ ಗೊತ್ತಿಲ್ಲ, ಮೊದಲು ಕಾಗದ ಬರೆಯುತ್ತೇನೆ ಎಂದಳು.

ಹುಲಿಗೆಮ್ಮ ಹಕ್ಕಿಯನ್ನು ನೆಲಕ್ಕೆ ಬಿಟ್ಟಳು. ಅದು ಓಡಲಿಲ್ಲ, ಎರಡು ಹೆಜ್ಜೆ ಹೋಗಿ, ನಿಂತು, ಕಾಲನ್ನೂ ರೆಕ್ಕೆಯನ್ನೂ ಒಟ್ಟಿಗೆ ಉದ್ದಕ್ಕೆ ಚಾಚಿ ಮೈ ಮುರಿಯಿತು. ಅವಳು ಬೆನ್ನು ಬಗ್ಗಿಸಿ ಅದು ಮಾಡಿದ್ದನ್ನು ಗಮನವಿಟ್ಟು ನೋಡಿದಳು. ಆಮೇಲೆ, ಮಗನ ಕಡೆ ತಿರುಗದೆಯೇ, ಕೂರಲು ಒಂದು ಮಣೆ ತಗೊಂಡು ಬಾ ಅಂದಳು.